ಹಳೇ ಆಲ್ಟೋ ಕೇಳುವ ಚಿಲ್ಲರೆ

ಹದಿನೈದು ವರ್ಷ ದಾಟಿದ ಕಾರು ಇಟ್ಟುಕೊಂಡವರಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಇನ್ನೂ ಎಷ್ಟು ದುಡ್ಡು ಹಾಕ್ತೀರಿ ಇದಕ್ಕೆ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ, ಮನೆಯವರೂ ಕೇಳುತ್ತಾರೆ. ನನ್ನದು 2007ರ ಆಲ್ಟೋ. ಇರುವುದು ಶಿವಮೊಗ್ಗದಲ್ಲಿ. ಆಗಾಗ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಹೋಗುತ್ತದೆ, ಕೆಲವು ಸಲ ಆಗುಂಬೆ ಘಾಟಿ ಇಳಿದು ಉಡುಪಿ ಮುಟ್ಟಿ ಬರುತ್ತದೆ. ಹಳೇ ಕಾರು ದುಡ್ಡು ಕೇಳುತ್ತದೆ, ಅದೇನೂ ಸುಳ್ಳಲ್ಲ. ಆದರೆ ಮೊದಲು ಕೇಳುವುದು ಚಿಲ್ಲರೆ. ಆಗ ಕೊಡದೆ ಮುಂದೂಡಿದರೆ ಮಾತ್ರ ನೋಟಿನ ಕಟ್ಟು ಕೇಳುತ್ತದೆ. ಇಷ್ಟು ವರ್ಷ ಇದನ್ನು ಓಡಿಸಿ ನನಗೆ ಖಾತ್ರಿಯಾಗಿರುವ ವಿಷಯ ಇದು. ಅದನ್ನೇ ಸ್ವಲ್ಪ ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ.

ಉದಾಹರಣೆಗೆ ಡ್ರೈವ್ ಶಾಫ್ಟಿನ ಬೂಟು. ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ತಲುಪಿಸುವ ಉದ್ದನೆಯ ಕಬ್ಬಿಣದ ಕೋಲು ಇದೆಯಲ್ಲ, ಅದರ ತುದಿಯಲ್ಲಿ ಒಂದು ಜಾಯಿಂಟು, ಜಾಯಿಂಟಿನ ಒಳಗೆ ಗ್ರೀಸು, ಗ್ರೀಸು ಹೊರಗೆ ಹೋಗದಂತೆ ಮೇಲೊಂದು ಮಡಿಕೆ ಮಡಿಕೆಯ ರಬ್ಬರ್ ಕವಚ. ಅದಕ್ಕೆ ಬೂಟು ಅನ್ನುತ್ತಾರೆ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಗಾಡಿ ಆಫ್ ಮಾಡಿ, ಕೆಳಗಿಳಿದು ಚಕ್ರದ ಹಿಂದೆ ಬಗ್ಗಿ ನೋಡಿ. ಮೊಬೈಲ್ ಟಾರ್ಚು ಸಾಕು. ಮಡಿಕೆಗಳ ನಡುವೆ ಕೂದಲೆಳೆಯಷ್ಟು ಸೀಳು ಕಾಣಬಹುದು. ಅಥವಾ ಡಿಸ್ಕಿನ ಒಳಮೈಗೂ ಚಕ್ರದ ಒಳಬದಿಗೂ ಕಪ್ಪು ಗ್ರೀಸು ಚಿಮ್ಮಿರುವುದು ಕಾಣಬಹುದು. ಸೀಳು ಮಾತ್ರ ಇದ್ದರೆ ನೀವು ಸಮಯಕ್ಕೆ ಸರಿಯಾಗಿ ಬಗ್ಗಿದ್ದೀರಿ. ಬೂಟಿಗೆ 300 ರೂಪಾಯಿ ಆಸುಪಾಸು, ಕೂಲಿ ಬೇರೆ. ಹಾಗೇ ಬಿಟ್ಟರೆ ಗ್ರೀಸು ಹೊರಗೆ ಹೋಗುತ್ತದೆ, ಮಳೆನೀರು ಮತ್ತು ಮಣ್ಣು ಒಳಗೆ ಬರುತ್ತದೆ, ಕೆಲವೇ ತಿಂಗಳಲ್ಲಿ ತಿರುವಿನಲ್ಲಿ ಕಟಕಟ ಶಬ್ದ ಶುರುವಾಗುತ್ತದೆ. ಆ ಶಬ್ದ ಬಂದ ಮೇಲೆ ಬೂಟು ಹಾಕಿ ಪ್ರಯೋಜನವಿಲ್ಲ, ಜಾಯಿಂಟೇ ಹೋಗಿರುತ್ತದೆ. ಆಗ ಬಿಲ್ಲು ಸಾವಿರಗಳಲ್ಲಿ.

ಹಳೇ ಕಾರಿನ ಹೆಚ್ಚಿನ ಕಾಯಿಲೆಗಳೆಲ್ಲ ಈ ಜಾತಿಯವೇ. ದುಬಾರಿ ಭಾಗದ ಮುಂದೆ ಒಂದು ಅಗ್ಗದ ಭಾಗ ಕಾವಲು ನಿಂತಿರುತ್ತದೆ. ಅಗ್ಗದ್ದು ಹೆಚ್ಚಾಗಿ ರಬ್ಬರು ಅಥವಾ ಪ್ಲಾಸ್ಟಿಕ್ಕು, ವಯಸ್ಸಾದಾಗ ಮೊದಲು ಸೋಲುವುದೂ ಅದೇ.

ಎಂಜಿನ್ ತಂಪು ಇಡುವ ವ್ಯವಸ್ಥೆಯನ್ನು ನೋಡಿ. ಹಳೇ ಕಾರನ್ನು ನಿಜವಾಗಿ ಕೊಲ್ಲುವುದು ಇದೇ ಅಂತ ನನ್ನ ಅಭಿಪ್ರಾಯ. ರೇಡಿಯೇಟರಿಗೆ ಹೋಗುವ ಹೋಸು, ಮುಚ್ಚಳದ ರಬ್ಬರು, ಫ್ಯಾನು ಆನ್ ಮಾಡುವ ಸ್ವಿಚ್ಚು, ರಿಲೇ, ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟು, ಎಲ್ಲವೂ ಕೆಲವು ನೂರು ರೂಪಾಯಿಯ ಸಾಮಾನು. ಇದರಲ್ಲಿ ಯಾವುದು ಕೈಕೊಟ್ಟರೂ ಮೀಟರಿನ ಮುಳ್ಳು ಮೇಲೇರುತ್ತದೆ. ಮುಳ್ಳು ಕೆಂಪು ಮುಟ್ಟಿದ ಮೇಲೂ "ಇನ್ನು ನಾಲ್ಕು ಕಿಲೋಮೀಟರ್ ತಾನೇ, ಊರು ಬಂತು" ಅಂತ ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ಡು ಬಿಸಿಗೆ ಬಾಗುತ್ತದೆ, ಅದರಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ನೀರು ಆಯಿಲಿಗೆ ಸೇರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಒಳಗೆ ಹಾಲು ಹಾಕಿದ ಕಾಫಿಯ ಬಣ್ಣದ ನೊರೆ. ಆಮೇಲೆ ಹೆಡ್ ಇಳಿಸಬೇಕು, ಲೇತಿಗೆ ಕಳಿಸಿ ಅದರ ಮೈ ಸಪಾಟು ಮಾಡುವ ಫೇಸಿಂಗ್ ಮಾಡಿಸಬೇಕು, ಗ್ಯಾಸ್ಕೆಟ್ ಸೆಟ್ಟು, ಕೂಲಂಟು, ಹೊಸ ಆಯಿಲ್. ಸಣ್ಣ ಗ್ಯಾರೇಜಿನಲ್ಲೂ ಹತ್ತು ಸಾವಿರ ಸುಲಭವಾಗಿ ದಾಟುತ್ತದೆ. ಹೋಸಿನ ಬೆಲೆ ಎಷ್ಟಿತ್ತು, ನೆನಪಿದೆಯಲ್ವಾ?

ಮುಳ್ಳು ಯಾವಾಗ ಏರುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಕಾಯಿಲೆ ಗೊತ್ತಾದ ಹಾಗೆ. ಟ್ರಾಫಿಕ್ಕಿನಲ್ಲಿ ನಿಂತಾಗ ಏರಿ, ರಸ್ತೆ ಸಿಕ್ಕಿ ಗಾಳಿ ಹೊಡೆದ ಕೂಡಲೇ ಇಳಿದರೆ ಮೊದಲು ನೋಡಬೇಕಾದ್ದು ಫ್ಯಾನು, ಅದರ ಸ್ವಿಚ್ಚು, ರಿಲೇ. ಊರಲ್ಲಿ ಸರಿಯಿದ್ದು ಹೈವೇಯಲ್ಲೋ ಘಾಟಿ ಹತ್ತುವಾಗಲೋ ಏರಿದರೆ ಕೂಲಂಟ್ ಕಡಿಮೆಯಾಗಿದೆಯಾ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆಯಾ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿದೆಯಾ ಅಂತ ನೋಡಬೇಕು. ಗ್ಯಾರೇಜಿಗೆ ಹೋಗಿ "ಬಿಸಿ ಆಗ್ತಿದೆ" ಅನ್ನುವುದಕ್ಕಿಂತ "ನಿಂತಾಗ ಬಿಸಿ ಆಗ್ತಿದೆ" ಅಂದರೆ ಮೆಕ್ಯಾನಿಕ್ಕಿನ ಒಂದು ಗಂಟೆ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಥರ್ಮೋಸ್ಟಾಟ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಶೆಡ್ಡುಗಳಲ್ಲಿ ಬಿಸಿಯ ತೊಂದರೆ ಅಂದ ತಕ್ಷಣ ಅದನ್ನು ತೆಗೆದು ಬಿಸಾಕುತ್ತಾರೆ. "ನಮ್ಮ ದೇಶದ ಬಿಸಿಲಿಗೆ ಅದು ಯಾಕೆ ಸಾರ್" ಅನ್ನುವ ಮಾತು ನೀವೂ ಕೇಳಿರುತ್ತೀರಿ. ತೆಗೆದರೆ ಮುಳ್ಳು ಏನೋ ಕೆಳಗೇ ಇರುತ್ತದೆ. ಆದರೆ ಎಂಜಿನ್ ಕಾಯಬೇಕಾದಷ್ಟು ಕಾಯುವುದಕ್ಕೆ ತುಂಬ ಹೊತ್ತು ಹಿಡಿಯುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಗಾಡಿಯ ಕಂಪ್ಯೂಟರು ಜಾಸ್ತಿ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಸವೆತ ಜಾಸ್ತಿಯಾಗುತ್ತದೆ. ನಮ್ಮ ಮಲೆನಾಡಿನ ಜುಲೈ ತಿಂಗಳ ಬೆಳಗಿನ ಚಳಿಗೆ ಇದು ಇನ್ನೂ ಕೆಟ್ಟದ್ದು. ನನ್ನ ಗಾಡಿ ನೋಡುವ ತೀರ್ಥಹಳ್ಳಿಯ ಮೆಕ್ಯಾನಿಕ್ ಹೀಗೆ ತೆಗೆದು ಬಿಸಾಕುವುದನ್ನು ಒಪ್ಪುವುದೇ ಇಲ್ಲ. "ಅದು ಇರ್ಲಿ ಮಾರಾಯ್ರೆ, ಹೊಸದು ಹಾಕುವ. ಮಾಡಿದವ್ರು ಸುಮ್ನೆ ಇಟ್ಟಿಲ್ಲ" ಅಂದಿದ್ದರು. ಆ ಒಂದು ಮಾತಿಗೇ ನಾನು ಗಾಡಿಯನ್ನು ಅಲ್ಲಿಗೇ ಒಯ್ಯುತ್ತೇನೆ.

ಟೈಮಿಂಗ್ ಬೆಲ್ಟಿನದು ಇನ್ನೊಂದು ಬಗೆ. ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಹಲ್ಲಿನ ರಬ್ಬರ್ ಪಟ್ಟಿ ಅದು, ಕಡಿದರೆ ಎಂಜಿನ್ ಅಲ್ಲಿಗೇ ನಿಲ್ಲುತ್ತದೆ. ಕಟಕಟ ಇಲ್ಲ, ಮುಳ್ಳು ಇಲ್ಲ, ಯಾವ ಮುನ್ಸೂಚನೆಯೂ ಇಲ್ಲ. ಆಲ್ಟೋದ ಈ 796 ಸಿಸಿ ಎಂಜಿನ್ನಿಗೆ ಬೆಲ್ಟ್ ಇದೆ. ಆಮೇಲೆ ಬಂದ ಕೆ10 ಎಂಜಿನ್ನಿಗೆ ಚೈನು. ಹಳೇ ಆಲ್ಟೋ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು "ಎಷ್ಟು ಓಡಿದೆ" ಅಂತ ಕೇಳುವುದರ ಜೊತೆಗೆ "ಬೆಲ್ಟ್ ಯಾವಾಗ ಹಾಕಿಸಿದ್ದು" ಅಂತ ಕೇಳಬೇಕು. ಬಿಲ್ಲು ಇಲ್ಲದಿದ್ದರೆ ಹಾಕಿಸಿಯೇ ಇಲ್ಲ ಅಂದುಕೊಳ್ಳುವುದು ಒಳ್ಳೆಯದು. ಕಿಲೋಮೀಟರ್ ಕಡಿಮೆ ಇದ್ದರೂ ರಬ್ಬರಿಗೆ ವಯಸ್ಸು ಆಗಿಯೇ ಆಗುತ್ತದೆ. ಬೆಲ್ಟು, ಅದನ್ನು ಬಿಗಿಯಾಗಿ ಇಡುವ ಟೆನ್ಷನರು ಸೇರಿ ಎರಡು ಸಾವಿರದ ಆಚೀಚೆ. ಕವರ್ ಬಿಚ್ಚಿದಾಗಲೇ ಆಯಿಲ್ ಸೀಲು ಜಿನುಗುತ್ತಿದೆಯಾ, ವಾಟರ್ ಪಂಪು ಅಲ್ಲಾಡುತ್ತಿದೆಯಾ ನೋಡಿ ಬದಲಾಯಿಸಿಬಿಡಬೇಕು. ಇಲ್ಲದಿದ್ದರೆ ಮತ್ತೆ ಅದೇ ಬಿಚ್ಚುವ ಕೂಲಿ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹತ್ತುವಾಗ ಕ್ಲಚ್ಚಿಗೆ ಪರೀಕ್ಷೆ, ಇಳಿಯುವಾಗ ಬ್ರೇಕಿಗೆ. ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ಅಷ್ಟಕ್ಕಷ್ಟೇ ಅಂದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗದೆ ಇರಬಹುದು. ಆದರೆ ಎಲ್ಲ ಸಲವೂ ಪ್ಲೇಟಿನದೇ ದೋಷ ಅಲ್ಲ. ಈ ಕಾರಿಗೆ ಕ್ಲಚ್ ಕೇಬಲ್ಲು ಇರುವುದರಿಂದ ಹೊಂದಾಣಿಕೆ ತಪ್ಪಿದರೂ ಹೀಗಾಗುತ್ತದೆ. ಮೊದಲು ಅದನ್ನು ಸರಿಮಾಡಿ ನೋಡಲಿ ಅನ್ನಿ. ಆಮೇಲೂ ಜಾರಿದರೆ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಬೇಕು. ಬರೀ ಪ್ಲೇಟ್ ಹಾಕಿಸಿ ಸಾವಿರ ರೂಪಾಯಿ ಉಳಿಸಲು ಹೋದರೆ, ಬೇರಿಂಗ್ ಹೋದಾಗ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಬ್ರೇಕಿನಲ್ಲಿ ಜನ ಪ್ಯಾಡು, ಲೈನರ್ ನೋಡುತ್ತಾರೆ, ಆಯಿಲ್ ಮರೆಯುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಜಾಸ್ತಿಯಾದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ತುಳಿದು ಆಯಿಲ್ ಕುದಿಯಿತು ಅನ್ನಿ, ಪೆಡಲ್ಲು ಮೆತ್ತಗಾಗಿ ಕೆಳಗೆ ಹೋಗುತ್ತದೆ. ಮಳೆ ಹೊಡೆಯುವ ನಮ್ಮಂಥ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ಪೂರ್ತಿ ಹೊರಗೆ ಹಾಕಿಸಿ ಹೊಸದು ತುಂಬಿಸುವುದು ದೊಡ್ಡ ಖರ್ಚೇ ಅಲ್ಲ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಬಿಡಬೇಕು. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಅನ್ನುವವರ ಜೊತೆ ನಾನು ಆ ಘಾಟಿ ಇಳಿಯುವುದಿಲ್ಲ.

ಇನ್ನು ತುಕ್ಕು. ಎಂಜಿನ್ ಸರಿ ಮಾಡಬಹುದು, ಗೇರ್‌ಬಾಕ್ಸ್ ಗುಜರಿಯಿಂದ ತಂದು ಹಾಕಬಹುದು, ಬಾಡಿ ತಿಂದುಹೋದರೆ ಗಾಡಿ ಮುಗಿಯಿತು. ಕರಾವಳಿಯಲ್ಲಿ ಉಪ್ಪುಗಾಳಿ, ನಮ್ಮಲ್ಲಿ ನಾಲ್ಕು ತಿಂಗಳು ಆರದ ಒದ್ದೆ. ಬಾಗಿಲಿನ ಅಡಿಯಂಚನ್ನು ಕೈಬೆರಳಿನಿಂದ ಸವರಿ ನೋಡಿ, ಸಣ್ಣ ಸಣ್ಣ ತೂತುಗಳು ಸಿಗುತ್ತವೆ. ಗ್ಲಾಸಿನ ಪಕ್ಕದಿಂದ ಇಳಿಯುವ ಮಳೆನೀರು ಹೊರಗೆ ಹೋಗುವುದೇ ಅಲ್ಲಿಂದ. ಮರದಡಿ ನಿಲ್ಲಿಸುವ ಗಾಡಿಯಲ್ಲಿ ಅದು ಎಲೆಪುಡಿ, ಮಣ್ಣು ಸೇರಿ ಮುಚ್ಚಿಹೋಗಿರುತ್ತದೆ. ಬಾಗಿಲು ಹಾಕಿದಾಗ ಒಳಗೆ ನೀರು ಕುಲುಕುವ ಸದ್ದು ಬರುತ್ತದೆ. ಒಂದು ಕಡ್ಡಿಯಿಂದ ಚುಚ್ಚಿದರೆ ಕಂದು ನೀರು ಧಾರೆಯಾಗಿ ಇಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಾಡದಿದ್ದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ, ಹೊರಗೆ ಬಣ್ಣ ಗುಳ್ಳೆ ಏಳುವ ಹೊತ್ತಿಗೆ ತಗಡು ಹೋಗಿರುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿ ನೋಡುವುದೂ ಅಷ್ಟೇ ಮುಖ್ಯ. ಒದ್ದೆಯಿದ್ದರೆ ನೀರು ಎಲ್ಲಿಂದ ಬಂತು ಅಂತ ಹುಡುಕಲೇಬೇಕು. ಎಸಿ ನೀರಿನ ಪೈಪು ಕಟ್ಟಿರಬಹುದು, ಬಾಗಿಲ ರಬ್ಬರು ಸೋತಿರಬಹುದು. ಸುಮ್ನೆ ಬಿಸಿಲಲ್ಲಿ ಒಣಗಿಸಿ ಮತ್ತೆ ಹಾಸಿದರೆ ಕೆಳಗಿನ ತಗಡು ಉಳಿಯುವುದಿಲ್ಲ. ಟಿಂಕರಿಂಗ್ ಕೆಲಸಕ್ಕೆ ಒಂದು ಸಲ ಗಾಡಿ ಬಿಟ್ಟರೆ ಬಿಲ್ಲು ಎಲ್ಲಿಗೆ ನಿಲ್ಲುತ್ತದೆ ಅಂತ ಟಿಂಕರಿಂಗ್ ಮಾಡುವವರಿಗೂ ಮೊದಲೇ ಹೇಳಲು ಆಗುವುದಿಲ್ಲ. ಪೇಂಟ್ ಕೆರೆದ ಮೇಲೆಯೇ ಒಳಗಿನದು ಕಾಣುವುದು.

ಅಡಿಕೆ ತೋಟದ ಮನೆಯವರಿಗೆ ಇನ್ನೊಂದು ಕಾಟ, ಇಲಿ. ಎರಡು ವಾರ ಗಾಡಿ ಅಲ್ಲಾಡಿಸದೆ ಕೊಟ್ಟಿಗೆ ಪಕ್ಕ ನಿಲ್ಲಿಸಿದರೆ ಏರ್ ಫಿಲ್ಟರಿನ ಡಬ್ಬಿಯಲ್ಲಿ ಸಂಸಾರ ಹೂಡಿರುತ್ತದೆ. ಫಿಲ್ಟರಿನ ಕಾಗದ ಹರಿದು ಹಾಸಿಗೆ ಮಾಡಿಕೊಂಡು, ಒಂದೆರಡು ಅಡಿಕೆಯನ್ನೂ ತಂದಿಟ್ಟಿರುತ್ತದೆ. ಅಷ್ಟೇ ಆದರೆ ಪುಣ್ಯ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರು ಕಡಿದರೆ ಮೂರು ಸಿಲಿಂಡರಿನಲ್ಲಿ ಒಂದು ಕೆಲಸ ಮಾಡುವುದಿಲ್ಲ, ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಸ್ಟೇರಿಂಗ್ ಹಿಡಿದ ಕೈ ನಡುಗುತ್ತದೆ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲರೂ ಹೇಳುತ್ತಾರೆ. ನಾನು ನಂಬುವುದು ಎರಡನ್ನೇ. ರಾತ್ರಿ ಬಾನೆಟ್ ತೆರೆದು ನಿಲ್ಲಿಸುವುದು, ಮತ್ತೆ ಎರಡು ದಿನಕ್ಕೊಮ್ಮೆಯಾದರೂ ಸ್ವಲ್ಪ ದೂರ ಓಡಿಸುವುದು. ಕತ್ತಲೆ ಮತ್ತು ಬೆಚ್ಚಗಿನ ಜಾಗ ಸಿಗದಿದ್ದರೆ ಇಲಿ ಬೇರೆ ಮನೆ ನೋಡಿಕೊಳ್ಳುತ್ತದೆ. ವೈರು ಕಡಿದಿದ್ದರೆ ಪೂರ್ತಿ ವೈರಿಂಗ್ ಬದಲಾಯಿಸಬೇಕು ಅನ್ನುವವರ ಮಾತಿಗೆ ಕೂಡಲೇ ಒಪ್ಪಬೇಡಿ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕಡಿದ ಕಡೆ ಬೆಸುಗೆ ಹಾಕಿ ಸ್ಲೀವ್ ಏರಿಸಿ ಕೊಡುತ್ತಾರೆ, ಎಷ್ಟೋ ವರ್ಷ ಬರುತ್ತದೆ.

ಟೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಮಾತ್ರ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾಗಿದ್ದು. ಕಡಿಮೆ ಓಡುವ ಹಳೇ ಕಾರಿನಲ್ಲಿ ಟೈರ್ ಸವೆಯುವುದೇ ಇಲ್ಲ, ಮೇಲಿನ ಗೀರುಗಳು ಹಾಗೇ ಇರುತ್ತವೆ, ರಬ್ಬರು ಮಾತ್ರ ಗಟ್ಟಿಯಾಗಿ ಸೀಳು ಬಿಟ್ಟಿರುತ್ತದೆ. ಮಳೆಯಲ್ಲಿ ಅದು ರಸ್ತೆ ಹಿಡಿಯುವುದಿಲ್ಲ. ಸ್ಟೆಪ್ನಿಯದ್ದನ್ನೂ ಓದಿ. ಕೆಲವರ ಸ್ಟೆಪ್ನಿ ಗಾಡಿ ಜೊತೆಗೆ ಬಂದದ್ದೇ ಇರುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ನನ್ನ ಗಾಡಿ ತಯಾರಾದಾಗ ಇದು ಯಾರ ತಲೆಯಲ್ಲೂ ಇರಲಿಲ್ಲ. ಎಥನಾಲಿನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುವುದು ಲೆಕ್ಕದ ಮಾತು. ಹಳೇ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಸರ್ಕಾರವೇ ಹೇಳಿದೆ. ನಾನು ಮಾಡಿದ್ದು ಇಷ್ಟು. ಬಾನೆಟ್ ಒಳಗಿನ ಪೆಟ್ರೋಲ್ ಪೈಪುಗಳನ್ನು ಹೊಸದಾಗಿ ಹಾಕಿಸಿದೆ. ಹಳೇದನ್ನು ಮಡಚಿದಾಗ ಬಿರುಕು ಕಣ್ಣಿಗೇ ಕಾಣುತ್ತಿತ್ತು. ಅದು ಎಥನಾಲಿಂದಲೋ ವಯಸ್ಸಿಂದಲೋ, ಯಾವುದರಿಂದ ಆದರೂ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗುವುದು ನನಗೆ ಬೇಡ. ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ತೋರಿಸಬೇಕು, ಇದರಲ್ಲಿ ನಾಳೆ ಅನ್ನುವ ಮಾತಿಲ್ಲ.

ಸಾಮಾನು ಸಿಗುವ ವಿಷಯದಲ್ಲಿ ನಮ್ಮಂಥವರು ಅದೃಷ್ಟವಂತರು. ಆಲ್ಟೋ 2000ದಲ್ಲಿ ಬಂತು, 2012ರಲ್ಲಿ ಆಲ್ಟೋ 800 ಬರುವ ತನಕ ಹೆಚ್ಚುಕಡಿಮೆ ಅದೇ ರೂಪದಲ್ಲಿ ಓಡಿತು. ಎಷ್ಟೋ ವರ್ಷ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಅದೇ. ತಾಲ್ಲೂಕು ಊರಿನ ಅಂಗಡಿಯಲ್ಲೂ ಬ್ರೇಕ್ ಪ್ಯಾಡು, ಲೋವರ್ ಆರ್ಮು ಕೇಳಿದ ಕೂಡಲೇ ತೆಗೆದು ಕೊಡುತ್ತಾರೆ. ಅಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಕಿಟಕಿ ತಿರುಗಿಸುವ ಹಿಡಿ, ಮೀಟರ್ ಬೋರ್ಡು ಥರದ್ದಕ್ಕೆ ಶಿವಾಜಿನಗರದ ಗುಜರಿ. ಆದರೆ ಬ್ರೇಕು, ಸ್ಟೇರಿಂಗು, ಟೈಮಿಂಗ್ ಬೆಲ್ಟು, ಈ ಮೂರಕ್ಕೆ ಕಂಪನಿಯದಲ್ಲದ ಲೋಕಲ್ ಸಾಮಾನು ಬೇಡ. ಉಳಿಯುವುದು ನೂರಿನ್ನೂರು ರೂಪಾಯಿ, ಅದಕ್ಕೆ ಪ್ರಾಣ ಒತ್ತೆ ಇಡುವುದು ಬೇಕಾ?

ಒಟ್ಟು ಖರ್ಚು ಎಷ್ಟು ಅಂತ ಕೇಳಿದರೆ, ಪೆಟ್ರೋಲ್ ಬಿಟ್ಟು ಕೆಲವು ವರ್ಷ ಹತ್ತು ಸಾವಿರದೊಳಗೆ ಮುಗಿದಿದೆ, ಟೈರು ಅಥವಾ ಕ್ಲಚ್ಚು ಬಂದ ವರ್ಷ ಮೂವತ್ತರ ಹತ್ತಿರ ಹೋಗಿದೆ. ಸಾವಿರ ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ 2022ರಿಂದ ವರ್ಷಕ್ಕೆ 2,094 ರೂಪಾಯಿ, ತೆರಿಗೆ ಬೇರೆ. ಈ ಕಡೆ ಹೊಸ ಸಣ್ಣ ಕಾರಿಗೆ ಐದು ಲಕ್ಷ ಸಾಲ ತೆಗೆದರೆ, 9% ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತೇ ಹತ್ತು ಸಾವಿರ ದಾಟುತ್ತದೆ. ದುಡ್ಡಿನ ಲೆಕ್ಕದಲ್ಲಿ ಹಳೇ ಕಾರೇ ಗೆಲ್ಲುತ್ತದೆ.

ಆದರೆ ದುಡ್ಡಿನದೊಂದೇ ಲೆಕ್ಕ ಅಲ್ಲವಲ್ಲ. ಈ ಕಾರಿಗೆ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. 2019ರಿಂದ ಹೊಸ ಕಾರುಗಳಿಗೆ ಎಬಿಎಸ್ಸೂ ಡ್ರೈವರ್ ಏರ್‌ಬ್ಯಾಗೂ ಕಡ್ಡಾಯವಾಗಿವೆ. ಹಳೇ ಕಾರು ಮಾರಿ ಅನ್ನುವವರು ಈ ಕಾರಣ ಕೊಟ್ಟರೆ ನನ್ನ ಹತ್ತಿರ ಎದುರು ಮಾತಿಲ್ಲ. ನಾನು ಮಾಡುವುದೇನೆಂದರೆ, ಇದನ್ನು ಇದರ ಅಳತೆಯಲ್ಲೇ ಓಡಿಸುತ್ತೇನೆ. ಎಪ್ಪತ್ತರ ಮೇಲೆ ಹೋಗುವುದಿಲ್ಲ, ರಾತ್ರಿ ಹೈವೇಗೆ ಇಳಿಸುವುದಿಲ್ಲ, ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸುತ್ತೇನೆ. ದೂರದ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ರೈಲು. ದಿನಾ ನಾಲ್ಕು ಪಥದ ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡಾಡುವವರು ನೀವಾದರೆ ಮೇಲಿನ ಲೆಕ್ಕವನ್ನೆಲ್ಲ ಬಿಟ್ಟು ಹೊಸ ಗಾಡಿ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ.

ಮುಂದೆ ಇರುವುದು 2027. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಗಾಡಿಯನ್ನು ಆರ್‌ಟಿಓಗೆ ಒಯ್ದು ತೋರಿಸಬೇಕು, ಎಮಿಷನ್, ಇನ್ಶೂರೆನ್ಸ್ ಸರಿಯಿರಬೇಕು. ಇದರ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ ಬಂದ ನಿಯಮದ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000. ಜೊತೆಗೆ ನಮ್ಮ ರಾಜ್ಯದ ಹಸಿರು ತೆರಿಗೆ. ದೆಹಲಿಯ ಹಾಗೆ ಇಷ್ಟು ವರ್ಷಕ್ಕೆ ಓಡಿಸಲೇಬಾರದು ಅನ್ನುವ ನಿಯಮ ನಮ್ಮಲ್ಲಿಲ್ಲ, ಅದೊಂದು ಸಮಾಧಾನ. ಚೆನ್ನಾಗಿ ನೋಡಿಕೊಂಡ ಗಾಡಿಗೂ ಹೊಗೆ ಉಗುಳುವ ಗಾಡಿಗೂ ವಯಸ್ಸು ನೋಡಿ ಒಂದೇ ಶುಲ್ಕ ಹಾಕುವುದು ಸರಿಯಲ್ಲ ಅಂತ ನನಗನ್ನಿಸುತ್ತದೆ. ಗಾಡಿ ಹೇಗಿದೆ ಅನ್ನುವುದನ್ನು ನೋಡಬೇಕು, ಎಷ್ಟು ವರ್ಷ ಅನ್ನುವುದನ್ನಲ್ಲ. ಹಳೇ ಸಣ್ಣ ಕಾರು ಇಟ್ಟುಕೊಂಡಿರುವವರಲ್ಲಿ ಹೆಚ್ಚಿನವರಿಗೆ ಹತ್ತು ಸಾವಿರ ಸಣ್ಣ ದುಡ್ಡಲ್ಲ.

ಅದಕ್ಕೆ ಮೊದಲು ಒಂದು ಕೆಲಸ ಇದೆ. ಮಳೆ ಹಿಡಿಯುವುದರೊಳಗೆ ಗಾಡಿಯನ್ನು ಲಿಫ್ಟಿಗೆ ಏರಿಸಿ, ಸೀಟು ಕಾರ್ಪೆಟು ಎಲ್ಲ ತೆಗೆಸಿ, ಕೆಳಗಿನ ತಗಡನ್ನೂ ಸಸ್ಪೆನ್ಷನ್ ಕೂರುವ ಜಾಗವನ್ನೂ ಮೆಕ್ಯಾನಿಕ್ ಜೊತೆ ನಿಂತು ನೋಡಬೇಕು. ಅಲ್ಲಿ ಗಟ್ಟಿಯಿದ್ದರೆ ಹತ್ತು ಸಾವಿರ ಕಟ್ಟಿ ಮುಂದಿನ ಐದು ವರ್ಷಕ್ಕೆ ಆರ್‌ಸಿ ಮಾಡಿಸುತ್ತೇನೆ. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುವಷ್ಟು ತಿಂದಿದ್ದರೆ ಇಲ್ಲ.